ಮೂರು ಮೊಳ ದೂರದ ಎದೆ

"ಕೇಳ್ರಪ್ಪೋ ಕೇಳಿ! ಏಳುಗುಡ್ಡದ ಸೀಮೆಯ ದೊರೆ ಬೀರರಾಯರ ಅಪ್ಪಣೆ! ರಾಜಕುಮಾರಿ ಜಕ್ಕಲದೇವಿಯವರು ಮೂರು ಒಗಟು ಇಡುತ್ತಾರೆ. ಬಿಡಿಸಿದವನಿಗೆ ಅವರೊಂದಿಗೆ ಮದುವೆ. ತಪ್ಪಿದವನಿಗೆ ಹುಣ್ಣಿಮೆಯ ದಿನ ತಲೆದಂಡ! ಉತ್ತರ ಹುಡುಕಲು ಅವನು ಏನು ಬೇಡಿದರೂ ದೊರೆಯೇ ನಡೆಸಿಕೊಡುವರು!"

ಡಂಗುರ ಹೀಗೆ ಸಾರಿತು. ತಲೆದಂಡದ ಮಾತು ದೊರೆಯದು. ಕೊನೆಯ ಮಾತನ್ನು ಮಾತ್ರ ಮಗಳು ಹಟ ಹಿಡಿದು ಸೇರಿಸಿದ್ದಳು.

ಅವಳಿಗೆ ಮದುವೆಯ ಆತುರವೇನೂ ಇರಲಿಲ್ಲ, ಇದ್ದದ್ದು ಅಪ್ಪನ ಚಿಂತೆ. ಹನ್ನೆರಡು ವರ್ಷಕ್ಕೊಮ್ಮೆ ಹುಣ್ಣಿಮೆಯ ದಿನ ದೊರೆಯಾದವನು ಪಟ್ಟದ ಕತ್ತಿ ಹೊತ್ತು ಬೆಟ್ಟದ ಏಳುನೂರು ಮೆಟ್ಟಿಲು ಓಡಿ ಹತ್ತಬೇಕು. ಬೀರರಾಯನಿಗೋ ಈಚೆಗೆ ಅಂಗಳ ದಾಟಿದರೆ ಏದುಸಿರು. ಜಕ್ಕಲೆ ತನ್ನನ್ನು ಸಾಕಿದ ಸೂಲಗಿತ್ತಿಯಿಂದ ಎದೆಗೆ ಕಿವಿಯಿಟ್ಟು ಕೇಳುವುದನ್ನು ಕಲಿತವಳು. ಒಂದು ಮಧ್ಯಾಹ್ನ ಅಪ್ಪ ನಿದ್ದೆಹೋದಾಗ ಕದ್ದು ಕೇಳಿದಳು, ಕೇಳಿ ನಡುಗಿಹೋದಳು. ಆದರೆ ಹೇಳುವುದು ಹೇಗೆ? ದೊರೆಯ ಮೈಯಲ್ಲಿ ಕುಂದಿದೆ ಎನ್ನುವುದೇ ರಾಜದ್ರೋಹ. ಅವನ ಮೂರು ಮೊಳದೊಳಗೆ ಯಾರೂ ಸುಳಿಯುವಂತಿಲ್ಲ. ರಾಜವೈದ್ಯರು ಸಹ ದೊರೆಯ ಮಣಿಕಟ್ಟಿಗೆ ರೇಷ್ಮೆ ದಾರ ಕಟ್ಟಿಸಿ, ದೂರದಲ್ಲಿ ಅದರ ತುದಿ ಹಿಡಿದು, "ಪ್ರಭುಗಳದು ಸಿಂಹದ ನಾಡಿ" ಎಂದು ಸಂಭಾವನೆ ಪಡೆದು ಹೋಗುತ್ತಿದ್ದರು. ದಾರಕ್ಕೇನು ಗೊತ್ತು ಪಾಪ!

ಹುಣ್ಣಿಮೆಗೆ ಮೂರೇ ದಿನ. ಸಭೆ ಕಿಕ್ಕಿರಿದಿತ್ತು, ನಗಾರಿ ಢಣಢಣ ಬಡಿಯುತ್ತಿತ್ತು. ದೊರೆ ಸಿಂಹಾಸನದಲ್ಲಿರುವಷ್ಟು ಹೊತ್ತೂ ಅದು ಬಡಿಯಲೇಬೇಕು. ನಿಂತರೆ ದೊರೆ ತೀರಿಕೊಂಡ ಎಂದೇ ಅರ್ಥ.

"ಒಂದು ಮನೆಯಲ್ಲಿ ಹಗಲೂ ರಾತ್ರಿ ಬಾಗಿಲು ಮುಚ್ಚುವ ಸದ್ದು ಕೇಳುತ್ತದೆ, ತೆರೆಯುವ ಸದ್ದು ಕೇಳುವುದಿಲ್ಲ. ಯಾವ ಮನೆ?" ಎಂದು ಜಕ್ಕಲೆ ಗದ್ದಲ ಮೀರಿ ಕೂಗಿದಳು.

"ಖಜಾನೆ!" ಎಂದ ಒಬ್ಬ ರಾಜಕುಮಾರ. ಭಟರು ಎಳೆದೊಯ್ದರು. "ಸೆರೆಮನೆ!" ಎಂದ ಇನ್ನೊಬ್ಬ. ಸರಿಯೋ ತಪ್ಪೋ ನೀನೇ ನೋಡಿಕೋ ಎಂಬಂತೆ ಅವನನ್ನು ಅಲ್ಲಿಗೇ ಕರೆದೊಯ್ದರು. ಮೂರನೆಯವನು ಜಾಣ, ಬಾಯಿ ಬಿಡದೆ ಕೂತ.

ಆಗ ಬಾಗಿಲ ಬಳಿಯಿಂದ ಒಬ್ಬ ಮುಂದೆ ಬಂದ. ಹೆಸರು ಮಾಚ, ಕಮ್ಮಾರರ ಕುಲುಮೆಗೆ ಗಾಳಿಯೂದುವ ತಿದಿ ಹೊಲಿಯುವವನು. ಆಯುಧಶಾಲೆಗೆ ತಿದಿ ಒಪ್ಪಿಸಲು ಬಂದಿದ್ದ. ಸೋರುವ ತಿದಿಗೆ ಆನಿಸಿ ಕೇಳುವ ಬಿದಿರ ಕೊಳವೆ ಸೊಂಟದಲ್ಲೇ ಇತ್ತು.

"ಎದೆ ಕಣ್ರವ್ವ," ಎಂದ. "ನಮ್ಮ ತಿದಿನೂ ಅಂಗೇಯಾ. ಒಳಗಿನ ತೊಗಲು ಮುಚ್ಚಿಕೊಂಡಾಗ ಸದ್ದು, ತೆರೆದಾಗ ಸುಮ್ಕೆ."

ಜಕ್ಕಲೆಯ ಮುಖ ಅರಳಿತು. "ಆ ಸದ್ದುಗಳು ಜೋಡಿಯಾಗಿ ಬರುತ್ತವೆ. ಅವುಗಳಲ್ಲಿ ಎರಡನೆಯದು ಒಮ್ಮೆ ಒಂದೇ, ಒಮ್ಮೆ ಒಡೆದು ಎರಡು. ಯಾವಾಗ?"

ಮಾಚ ಎಳೆಪ್ರಾಯದ ಒಬ್ಬ ಭಟನ ಎದೆಗೆ ಕೊಳವೆ ಇಟ್ಟ, ತಲೆ ಕೆರೆದುಕೊಂಡ. "ಬುದ್ದಿ, ಆ ನಗಾರಿ ನಿಲ್ಲಿಸಿ. ಏನೂ ಕೇಳಾಕಿಲ್ಲ."

ಸಭೆಯೇ ಬೆಚ್ಚಿತು. ಮಂತ್ರಿ ಕಿವಿ ಮುಚ್ಚಿಕೊಂಡ. ಆದರೆ ದೊರೆ ಕೊಟ್ಟ ಮಾತು! ಬೀರರಾಯ ಹಲ್ಲು ಕಚ್ಚಿ ಕೈಯೆತ್ತಿದ. ನಗಾರಿ ನಿಂತಿತು. ಆ ಸಭಾಂಗಣದಲ್ಲಿ ಪಾರಿವಾಳಗಳಿವೆ ಎಂಬುದು ಎಷ್ಟೋ ಜನಕ್ಕೆ ಅವತ್ತೇ ತಿಳಿದದ್ದು.

"ಉಸಿರು ಎಳ್ಕೊಳಣ್ಣ... ಈಗ ಬಿಡು." ಮಾಚ ಕಣ್ಣು ಮುಚ್ಚಿ ಕೇಳಿದ, ಮತ್ತೆ ಕೇಳಿದ. "ಸಿಕ್ತು ಕಣ್ರವ್ವ! ಎಳ್ಕೊಂಡಾಗ ಎರಡಾಯ್ತದೆ, ಬಿಟ್ಟಾಗ ಒಂದಾಯ್ತದೆ!"

ಜನ ಹೋ ಎಂದು ಕೂಗಿದರು. ಜಕ್ಕಲೆ ಹೌದೆಂದು ತಲೆಯಾಡಿಸಿ, ಅಪ್ಪನ ಕಡೆ ನೋಡದೆ ಮೂರನೆಯದನ್ನು ಕೇಳಿದಳು. "ಮೊದಲ ಸದ್ದಿಗೂ ಎರಡನೆಯದಕ್ಕೂ ನಡುವೆ ಮೌನವಿರಬೇಕು. ಈ ಸಭೆಯಲ್ಲಿ ಒಬ್ಬರ ಎದೆಯಲ್ಲಿ ಆ ಮೌನದೊಳಗೆ ಸುಯ್ ಎನ್ನುತ್ತದೆ. ಯಾರದು?"

"ನಿಮ್ಮದೇ!" ಎಂದು ಮೂರನೆಯ ರಾಜಕುಮಾರ ಹಾರಿಬಿದ್ದ. ಸೆರೆಮನೆಗೆ ಇನ್ನೊಬ್ಬ ಅತಿಥಿಯಾದ.

ಮಾಚ ಒಬ್ಬೊಬ್ಬರನ್ನೇ ಕೇಳುತ್ತ ಬಂದ. ಮಂತ್ರಿ, ರಾಜವೈದ್ಯರು, ಅಡುಗೆಯವರು, ಕೊನೆಗೆ ಕತ್ತಿ ಹಿಡಿದು ನಿಂತ ತಲೆಹೊಡೆಯುವವನು. ಎಲ್ಲರದ್ದೂ ಲಬ್-ಡಬ್, ಲಬ್-ಡಬ್. ಉಳಿದದ್ದು ಒಂದೇ ಎದೆ. ಮಾಚ ಸಿಂಹಾಸನದ ಮೆಟ್ಟಿಲ ಮೇಲೆ ಕಾಲಿಟ್ಟ.

"ಮೂರು ಮೊಳ!" ಎಂದು ಅಬ್ಬರಿಸಿದ ಭಟರು ಕತ್ತಿ ಹಿರಿದರು.

ಬೀರರಾಯ ಸಿಟ್ಟಿನಿಂದ ಎದ್ದ. ಎದ್ದಷ್ಟಕ್ಕೇ ಏದುಸಿರು ಬಂತು. ಮಗಳ ಕಡೆ ನೋಡಿದ. ಅವಳು ಕೈಮುಗಿದು ಅಳುತ್ತಿದ್ದಳು. ಅಷ್ಟು ಹೊತ್ತಿಗೆ ಅವನಿಗೆ ಎಲ್ಲವೂ ಹೊಳೆಯಿತು. ಮೆಲ್ಲಗೆ ಕೂತು, ತಾನೇ ಅಂಗಿಯ ಗುಂಡಿ ಬಿಚ್ಚಿದ.

ಮಾಚ ಎಡಮೊಲೆಯ ಕೆಳಗೆ ಕೊಳವೆ ಇಟ್ಟ. ಲಬ್... ಸುಯ್ಯ್... ಡಬ್. ಕಂಕುಳ ಕಡೆಗೆ ಸರಿಸಿದ, ಸುಯ್ ಕೂಡ ಅಲ್ಲಿಗೇ ಹರಿದುಬಂತು.

"ತಮ್ಮದೇಯಾ ಬುದ್ದಿ," ಎಂದ.

"ನನ್ನ ಎದೆಯಲ್ಲಿ ಕುಂದು ಅಂತೀಯೇನೋ?"

"ಅಂತೀನಿ ಬುದ್ದಿ. ತಿದಿ ಒಳಗಿನ ತೊಗಲು ಸರಿಯಾಗಿ ಕೂರದಿದ್ರೆ ಗಾಳಿ ಹಿಂದಕ್ಕೆ ಸೋರಿ ಸುಯ್ ಅಂತದೆ. ತಮ್ಮೊಳಗೆ ನೆತ್ತರು ಅಂಗೇ ಸೋರ್ತಾ ಅದೆ. ಇದಕ್ಕೆ ಹೊಲಿಗೆ ಹಾಕೋದು ನನಗೆ ಗೊತ್ತಿಲ್ಲ. ಸೋರೋ ತಿದಿನೂ ವರ್ಷಾನುಗಟ್ಲೆ ಬಾಳ್ತದೆ, ಜೋರಾಗಿ ಒತ್ತಬಾರ್ದು ಅಷ್ಟೆ. ಮೆಟ್ಲು ಹತ್ತಬ್ಯಾಡಿ ಬುದ್ದಿ."

ದೊರೆ ಅಂಗಿಯ ಗುಂಡಿ ಹಾಕಿಕೊಂಡು ಮಗಳ ಕಡೆ ತಿರುಗಿದ.

"ಮೂರೂ ಸರಿ," ಎಂದಳು ಜಕ್ಕಲೆ.

"ಸರಿ," ಎಂದ ದೊರೆ. ಸಭೆ ಕುಣಿದುಬಿಟ್ಟಿತು, ರಾಜವೈದ್ಯರ ರೇಷ್ಮೆ ದಾರ ಯಾರದೋ ಕಾಲಿಗೆ ಸಿಕ್ಕಿ ಹರಿಯಿತು. ಮದುವೆ ನಿಶ್ಚಯವಾಯಿತು. ಮಾಚ ಬೇಡಿಕೊಂಡದ್ದಕ್ಕೆ ಮೂವರು ರಾಜಕುಮಾರರ ತಲೆ ಉಳಿಯಿತು. ದಿನಾ ಬೆಳಿಗ್ಗೆ ನಗಾರಿ ನಿಲ್ಲಿಸಿ ಊರವರ ಎದೆ ಕೇಳುವ ಕೆಲಸವೂ ಅವನಿಗೇ ಬಂತು. ರಾಜವೈದ್ಯರು ಮೊದಲ ಶಿಷ್ಯರಾದರು.

ಹುಣ್ಣಿಮೆಯ ದಿನ, ಅಪ್ಪನೇ ಕೈಗಿತ್ತ ಪಟ್ಟದ ಕತ್ತಿಯನ್ನು ಅವನ ಬದಲಿಗೆ ಹೊತ್ತು ಏಳುನೂರು ಮೆಟ್ಟಿಲು ಓಡಿದವಳು ಜಕ್ಕಲೆ. ಇಳಿದುಬಂದಾಗ ಅಪ್ಪ ಬೆಟ್ಟದ ಬುಡದಲ್ಲಿ ಕಾಲು ಚಾಚಿ ಕಬ್ಬು ತಿನ್ನುತ್ತಿದ್ದ. ಎಲ್ಲರೆದುರೇ ಅವಳು ಅವನ ಎದೆಗೆ ಕಿವಿ ಆನಿಸಿದಳು.

"ಸುಯ್ ಅನ್ನುತ್ತಾ ಮಗಳೇ?"

"ಅನ್ನುತ್ತೆ ಅಪ್ಪಾಜಿ," ಎಂದು ಅವಳು ನಕ್ಕಳು. "ಆದರೆ ಓಡುತ್ತಿಲ್ಲ. ನಿಧಾನಕ್ಕೆ ನಡೆಯುತ್ತಿದೆ."