ಏಳರ ಕೆಳಗಿನ ಅಂಕಿಗಳು

ವಿಡಿಯೋ ಗೇಮುಗಳಿಗೂ ಅವನ್ನು ಆಡುವ ಸಲಕರಣೆಗಳಿಗೂ ಅಂಕ ಕೊಡುವ ಪತ್ರಿಕೆಯೊಂದರ ಕಚೇರಿಯಲ್ಲಿ ಒಂದೇ ಮೇಜಿನ ಮೇಲೆ ಜಾಯ್‌ಸ್ಟಿಕ್ಕೂ ಅಂಕದ ಮೊಹರೂ ವಾಸವಾಗಿದ್ದವು. ಮೊಹರಿನ ಹೊಟ್ಟೆಯಲ್ಲಿ ಸೊನ್ನೆಯಿಂದ ಹತ್ತರವರೆಗಿನ ರಬ್ಬರ್ ಅಂಕಿಗಳಿದ್ದವು. ತಿರುಗಿಸಿ ಒತ್ತಿದರೆ ಆಟದ ಯೋಗ್ಯತೆ ಡಬ್ಬಿಯ ಮೇಲೆ ಮೂಡುತ್ತಿತ್ತು. ಜಾಯ್‌ಸ್ಟಿಕ್ಕಿಗೋ ಎಲ್ಲರ ಮೇಲೂ ಗುಮಾನಿ. ಜೊತೆಗೆ, ತಾನು ಹತ್ತಕ್ಕೆ ಒಂಬತ್ತು ಪಡೆದು ಬಂದವನೆಂಬ ಬಿಂಕ ಬೇರೆ.

ಅಂದು ಹೊಸ ಆಟವೊಂದು ಬಂದು ಗಳಿಗೆಯೂ ಆಗಿರಲಿಲ್ಲ, ಡಬ್ಬಿಯ ಮೇಲೆ ಒಂಬತ್ತು ಬಿದ್ದಿತ್ತು.

"ಮೊಹರಿನವರೇ, ಇದನ್ನು ಆಡಿದವರು ಯಾರು? ನನ್ನನ್ನಂತೂ ಯಾರೂ ಮುಟ್ಟಿಲ್ಲ" ಎಂದಿತು ಜಾಯ್‌ಸ್ಟಿಕ್ಕು.

"ಆಡಿಯೇ ಅಂಕ ಕೊಡಬೇಕೆಂದು ಯಾವ ಶಾಸ್ತ್ರದಲ್ಲಿದೆ? ಕಳಿಸಿದವರು ದೊಡ್ಡವರು."

"ಹಾಗಾದರೆ ನಿಮ್ಮ ಮೂರರ ಅಂಕಿಯನ್ನು ಒಮ್ಮೆ ತೋರಿಸಿ."

ಮೊಹರು ಒಲ್ಲದ ಮನಸ್ಸಿನಿಂದ ತಿರುಗಿಸಿ ತೋರಿಸಿತು. ಎಂಟೂ ಒಂಬತ್ತೂ ಮಸಿ ಮೆತ್ತಿಕೊಂಡು ಸವೆದಿದ್ದವು. ಏಳರ ಕೆಳಗಿನ ಅಂಕಿಗಳು ಮಾತ್ರ ಅಂಗಡಿಯಿಂದ ತಂದ ದಿನದ ಹಾಗೆ ಹೊಳೆಯುತ್ತಿದ್ದವು.

"ಸಿಕ್ಕಿಬಿದ್ದಿರಿ! ನಿಮ್ಮ ಒಂಬತ್ತಿಗೆ ಮೂರು ಕಾಸಿನ ಬೆಲೆಯಿಲ್ಲವೆಂದು ಊರಿಗೆಲ್ಲ ಸಾರುತ್ತೇನೆ."

"ಧಾರಾಳವಾಗಿ ಸಾರಿ" ಎಂದಿತು ಮೊಹರು. "ನೀವು ಬಂದ ಡಬ್ಬಿ ಅಗೋ, ಕಪಾಟಿನ ಮೇಲಿದೆ. ಅದರ ಮೇಲಿನ ಒಂಬತ್ತನ್ನೂ ನಾನೇ ಒತ್ತಿದ್ದು. ಆಗಿನ್ನೂ ಅದರ ಟೇಪು ಬಿಚ್ಚಿರಲಿಲ್ಲ."



ಸಂಜೆ ಇನ್ನೊಂದು ಆಟ ಬಂತು. ಡಬ್ಬಿ ಬಿಚ್ಚುವ ಮೊದಲೇ ಅದಕ್ಕೂ ಒಂಬತ್ತು ಬಿತ್ತು.

"ನ್ಯಾಯವಾದ ಅಂಕ" ಎಂದಿತು ಜಾಯ್‌ಸ್ಟಿಕ್ಕು.