ಹೊಳೆ ದಾಟುವ ಊರು

ತುಂಗಭದ್ರೆಯ ದಂಡೆಯ ಮೇಲೆ ಒಂದು ಪುಟ್ಟ ವಿದ್ಯಾಪೀಠವಿತ್ತು. ಅದರ ಹಿಂಬದಿಯ ಕೋಣೆಯಲ್ಲಿ ಸರ್ವಮಂಗಳಾ ಮೇಡಂ ಎಂ.ಎ. ವಿದ್ಯಾರ್ಥಿಗಳಿಗೆ ಗಣಿತೀಯ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದರು. ಅದರ ಜೊತೆಗೆ, ಅಂಕಿಅಂಶಗಳನ್ನು ಹಿಡಿದು ಜನರ ಬದುಕನ್ನು ಅಳೆಯುವ ಅರ್ಥಮಿತಿಯನ್ನೂ ಹೇಳಿಕೊಡುತ್ತಿದ್ದರು.

ಮೇಡಂ ಮಾತು ಕಡಿಮೆ. ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದು, ಸೀಮೆಸುಣ್ಣ ಕೆಳಗಿಟ್ಟು, ಕಿಟಕಿಯಾಚೆ ಹೊಳೆ ನೋಡುತ್ತ ನಿಲ್ಲುವರು. ಯಾರಾದರೂ ಪ್ರಶ್ನೆ ಕೇಳುವ ತನಕ ಮುಂದಿನ ಸಾಲು ಬರೆಯುತ್ತಿರಲಿಲ್ಲ.

ಅವರ ಶಿಷ್ಯರಲ್ಲಿ ಇಂದುಧರ ಎಂಬವನಿದ್ದ. ದರ್ಜಿಯ ಮಗ. ಗೆರೆ ಸೊಟ್ಟಗಾದರೆ ಅವನಪ್ಪ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ. ಆ ಗುಣ ಮಗನಿಗೂ ಬಂದಿತ್ತು. ಪ್ರಮೇಯಗಳನ್ನು ಅವನಷ್ಟು ಚೊಕ್ಕಟವಾಗಿ ಸಾಧಿಸುವವರು ತರಗತಿಯಲ್ಲಿ ಇನ್ನೊಬ್ಬರಿರಲಿಲ್ಲ.

ಕೊನೆಯ ವರ್ಷ ಎಲ್ಲರೂ ಒಂದೊಂದು ಪ್ರಬಂಧ ಬರೆಯಬೇಕಿತ್ತು. ಇಂದುಧರ ಸಂತೆಗಳನ್ನು ಆರಿಸಿಕೊಂಡ. ಜನ ಯಾವ ಸಂತೆಗೆ ಹೋಗುತ್ತಾರೆ, ಯಾಕೆ ಹೋಗುತ್ತಾರೆ ಎಂಬುದು ಅವನ ಪ್ರಶ್ನೆ. ಹಿಂದಿನ ವರ್ಷದ ವಿದ್ಯಾರ್ಥಿಗಳು ಸುತ್ತಲಿನ ಊರುಗಳಲ್ಲಿ ವಿಚಾರಿಸಿ ತಂದ ಅಂಕಿಗಳು ಸಿದ್ಧವಾಗಿದ್ದವು. ಅವನು ಕೋಣೆ ಬಿಟ್ಟು ಕದಲಬೇಕಾದ ಕೆಲಸವೇ ಇರಲಿಲ್ಲ.

ಕಂಪ್ಯೂಟರಿನ ತೆರೆಯ ಮೇಲೆ ಪ್ರತಿ ಊರೂ ಒಂದು ಚುಕ್ಕಿಯಾಯಿತು. ಸಂತೆ ಹತ್ತಿರವಿದ್ದಷ್ಟೂ ಹೋಗುವವರು ಹೆಚ್ಚು, ದೂರವಾದಷ್ಟೂ ಕಡಿಮೆ. ಚುಕ್ಕಿಗಳ ನಡುವೆ ಒಂದು ಗೆರೆ ಎಳೆದರೆ, ಎಲ್ಲವೂ ಅದರ ಆಸುಪಾಸಿನಲ್ಲೇ ಕೂತಿದ್ದವು.

ಒಂದನ್ನು ಬಿಟ್ಟು.

ಆ ಊರಿನ ಹೆಸರು ಕಡವಿನಹಾಳು. ಪಕ್ಕದಲ್ಲೇ ಮಾದಾಪುರದ ಸಂತೆ. ಆದರೆ ಆ ಊರಿನವರು ಅಲ್ಲಿಗೆ ಹೋಗುತ್ತಿರಲಿಲ್ಲ. ಹೊಳೆ ದಾಟಿ, ಆಚೆ ದಂಡೆಯ ಹೊಸನೂರಿನ ಸಂತೆಗೆ ಹೋಗುತ್ತಿದ್ದರು. ಆ ಒಂದು ಚುಕ್ಕಿ ಇಡೀ ಗೆರೆಯನ್ನು ತನ್ನ ಕಡೆಗೆ ಎಳೆಯುತ್ತಿತ್ತು.

ಇಂದುಧರ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಅಳಿಸಿದ.

ಗೆರೆ ನೆಟ್ಟಗಾಯಿತು. ಅವನ ಮನಸ್ಸೂ ನಿರಾಳವಾಯಿತು.

ಮೇಡಂ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

"ಚೆನ್ನಾಗಿ ಬರೆದಿದೀಯ. ಕಡವಿನಹಾಳು ಎಲ್ಲಿ?"

"ಹೊರಗಿಟ್ಟೆ ಮೇಡಂ. ಬರೆದುಕೊಂಡು ಬಂದವರು ಏನೋ ತಪ್ಪು ಮಾಡಿರಬೇಕು."

"ಮಾಡಿದಾರಾ, ಮಾಡಿರಬೇಕಾ?"

ಮೇಡಂ ಪ್ರಬಂಧ ಮುಚ್ಚಿ ವಾಪಸು ಕೊಟ್ಟರು. "ಭಾನುವಾರ ಎಲ್ಲರೂ ಮನೆಗೆ ಊಟಕ್ಕೆ ಬರ್ತಿದಾರೆ. ನೀನೂ ಬಾ."

ಭಾನುವಾರ ಇಂದುಧರ ತಲುಪುವಷ್ಟರಲ್ಲಿ ಪಡಸಾಲೆಯ ಸಾಲು ತುಂಬಿತ್ತು. ಅವನು ಒಂದು ಎಲೆ ತಗೊಂಡು ಆಚೆ ಕಂಬದ ಪಕ್ಕ ಒಬ್ಬನೇ ಕೂತ.

ಮೇಡಂ ತಾವೇ ಬಡಿಸಿದರು. ಕೋಸಂಬರಿ, ಪಲ್ಯ, ಅನ್ನ, ಕಟ್ಟಿನ ಸಾರು. ಸಾಲಿನ ಆ ತುದಿಯಿಂದ ಈ ತುದಿಗೆ ಬಂದರು. ಕೊನೆಯ ಎಲೆಗೆ ಹೋಳಿಗೆ ಹಾಕಿ ಒಳಗೆ ಹೋದರು.

ಇಂದುಧರನ ಎಲೆ ಖಾಲಿ.

ಮರೆತಿರಬೇಕು ಅಂದುಕೊಂಡ. ಮೇಡಂ ಮತ್ತೆ ಬಂದರು. ಸಾಲಿಗೆ ತುಪ್ಪ ಹಾಕಿದರು, ಮತ್ತೆ ಒಳಗೆ ಹೋದರು. ಗೆಳೆಯ ಜಬೀವುಲ್ಲಾ ತುತ್ತು ಎತ್ತಿದವನು ಹಾಗೇ ಕೆಳಗಿಟ್ಟ. ಉಳಿದವರೂ ಉಣ್ಣಲಾರದೆ ಬಾಗಿಲ ಕಡೆ ನೋಡತೊಡಗಿದರು.

ಮೂರನೆಯ ಸಲ ಬಂದಾಗ ಇಂದುಧರ ಮೆಲ್ಲಗೆ ಹೇಳಿದ. "ಮೇಡಂ, ನನಗೆ ಬಡಿಸಲಿಲ್ಲ."

"ನೀನು ಸಾಲಿನಲ್ಲಿ ಇರಲಿಲ್ಲವಲ್ಲ."

"ಸಾಲಿನಲ್ಲಿ ಜಾಗ ಇರಲಿಲ್ಲ. ಅದಕ್ಕೇ ಇಲ್ಲಿ ಕೂತೆ."

"ಹೌದಾ?" ಮೇಡಂ ಅವನೆದುರು ಕುಕ್ಕರುಗಾಲಿನಲ್ಲಿ ಕೂತರು. "ಯಾಕೆ ಇಲ್ಲಿ ಕೂತೆ ಅಂತ ನಾನು ಕೇಳಬೇಕಿತ್ತು, ನೋಡು."

ಅವನ ಎಲೆಗೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು.

ಇಂದುಧರನ ಕಿವಿ ಕೆಂಪಾಯಿತು. ಆದರೂ ಹೋಳಿಗೆ ಬಲು ರುಚಿಯಾಗಿತ್ತು. ಎರಡನ್ನೂ ತಿಂದ.

ಮುಂದಿನ ಸಂತೆಯ ದಿನ ಬೆಳಿಗ್ಗೆ ಅವನು ಕಡವಿನಹಾಳಿಗೆ ಹೋದ. ಊರ ಹೆಂಗಸರು ಬುಟ್ಟಿ ಹೊತ್ತು ಹೊಳೆಯ ಕಡೆ ಇಳಿಯುತ್ತಿದ್ದರು. ಅವನೂ ಅವರ ಹಿಂದೆ ಇಳಿದು ಹರಿಗೋಲು ಹತ್ತಿದ. ಪಕ್ಕದಲ್ಲಿ ಕೂತ ಮುದುಕಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಅವಳ ಹೆಸರು ಹನುಮಕ್ಕ.

"ಯಾವೂರಪ್ಪಾ ನಿಂದು?"

ಇಂದುಧರ ತನ್ನ ಊರು ಹೇಳಿದ. ಓದುತ್ತಿರುವುದನ್ನೂ ಹೇಳಿದ. ಆಮೇಲೆ ಕೇಳಿದ. "ಅಜ್ಜೀ, ಮಾದಾಪುರದ ಸಂತೆ ನಿಮಗೆ ಹತ್ತಿರ ಅಲ್ವಾ?"

"ಹತ್ರಾನೇ."

"ಅಲ್ಲಿ ಕಾಯಿಪಲ್ಲೆ ಸಿಗಲ್ವಾ?"

"ಬೇಕಾದಷ್ಟು ಸಿಗ್ತೈತೆ. ಅಗ್ಗಕ್ಕೂ ಸಿಗ್ತೈತೆ."

"ಮತ್ತೆ ಹೊಳೆ ಯಾಕೆ ದಾಟ್ತೀರಿ?"

ಹನುಮಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ಹರಿಗೋಲು ಇನ್ನೂ ದಂಡೆ ಮುಟ್ಟಿರಲಿಲ್ಲ. ಅವಳು ಆಗಲೇ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ಆಚೆ ದಡ ನೋಡುತ್ತಿದ್ದಳು. ಅಂಬಿಗ ಗದರಿದ ಮೇಲೆ ಕೂತಳು.

ದಂಡೆಯ ಮೇಲೆ ಒಬ್ಬ ಹೆಣ್ಣುಮಗಳು ಕೂಸು ಎತ್ತಿಕೊಂಡು ನಿಂತಿದ್ದಳು. ಹನುಮಕ್ಕ ಬುಟ್ಟಿಯನ್ನು ಇಂದುಧರನ ಕೈಗೆ ತುರುಕಿ ಇಳಿದಳು. ಕೂಸನ್ನು ಕಸಿದುಕೊಂಡಂತೆ ಎತ್ತಿಕೊಂಡು, ಅದರ ನೆತ್ತಿಯನ್ನು ಮೂಸಿದಳು.

"ಸೊರಗೀಯಲ್ಲೇ," ಅಂದಳು ಮಗಳಿಗೆ.

"ನೀನು ಪ್ರತಿ ವಾರ ಇದನ್ನೇ ಹೇಳ್ತೀ," ಅಂದಳು ಮಗಳು.

ಸಂತೆಯ ಬದಿಯಲ್ಲಿ ದೊಡ್ಡ ಹುಣಸೆಮರ. ಅದರ ಕೆಳಗೆ ಕಡವಿನಹಾಳಿನ ತಾಯಂದಿರೂ ಆಚೆ ದಂಡೆಯ ಊರುಗಳಿಗೆ ಕೊಟ್ಟ ಅವರ ಹೆಣ್ಣುಮಕ್ಕಳೂ ಗುಂಪು ಗುಂಪಾಗಿ ಕೂತಿದ್ದರು. ಒಬ್ಬಳು ಮಗಳ ತಲೆ ಬಾಚುತ್ತಿದ್ದಳು. ಒಬ್ಬಳು ತಾಯಿಯ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ತಿನ್ನುತ್ತ ಅತ್ತೆಯ ಮೇಲೆ ದೂರು ಹೇಳುತ್ತಿದ್ದಳು. ಇನ್ನೊಬ್ಬಳು ಏನೂ ಹೇಳದೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

ವ್ಯಾಪಾರದ ನೆನಪು ಅವರಿಗೆ ಬಂದದ್ದು ಹೊತ್ತು ಇಳಿದ ಮೇಲೆ. ಚೌಕಾಸಿ ಮಾಡದೆ, ಕೈಗೆ ಸಿಕ್ಕಿದ್ದನ್ನು ಬುಟ್ಟಿಗೆ ತುಂಬಿಕೊಂಡು ಹರಿಗೋಲಿನ ಕಡೆ ಓಡಿದರು.

ಇಂದುಧರ ಅಂದು ಒಂದು ಅಂಕಿಯನ್ನೂ ಬರೆದುಕೊಳ್ಳಲಿಲ್ಲ. ಹನುಮಕ್ಕ ಕೊಟ್ಟ ಅರ್ಧ ರೊಟ್ಟಿ ತಿಂದು, ಮರದ ನೆರಳಿನಲ್ಲಿ ಸುಮ್ಮನೆ ಕೂತಿದ್ದ.

ಮರುದಿನ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದ. ಹೇಳುವಾಗ ಅವನ ಮುಖ ಅರಳಿತ್ತು.

"ಅಂಕಿ ಬರೆದವರದು ತಪ್ಪಿರಲಿಲ್ಲ ಮೇಡಂ. ಆ ಊರಿನವರು ಮಗಳನ್ನು ನೋಡೋದಕ್ಕೆ ಸಂತೆಗೆ ಹೋಗ್ತಾರೆ. ಆ ಊರೇ ಬೇರೆ ಥರ. ಇದನ್ನು ಒಂದು ಅಪವಾದ ಅಂತ ಅಡಿಟಿಪ್ಪಣಿಯಲ್ಲಿ ಬರೆದುಬಿಡ್ತೀನಿ."

ಮೇಡಂ ಬೋರ್ಡು ಒರೆಸುತ್ತಿದ್ದರು. ತಿರುಗದೆಯೇ ಕೇಳಿದರು.

"ಬೇರೆ ಊರಿನ ತಾಯಂದಿರಿಗೆ ಹೆಣ್ಣುಮಕ್ಕಳಿಲ್ವಾ?"

ಇಂದುಧರ ತನ್ನ ಹಾಳೆಗಳನ್ನು ಎತ್ತಿಕೊಂಡ. ನಮಸ್ಕಾರ ಮಾಡಿ ಹೊರಗೆ ಬಂದ.

ಅಲ್ಲಿಂದ ಮುಂದೆ ಬೇಸಿಗೆಯುದ್ದಕ್ಕೂ ಅವನು ಊರೂರು ತಿರುಗಿದ. ಜಬೀವುಲ್ಲಾನ ಸೈಕಲ್ ಅವನದೇ ಆಯಿತು. ಕಟ್ಟೆಯ ಮೇಲೆ ಕೂತವರನ್ನು ಕೇಳಿದ, ಬಾವಿಯ ಹತ್ತಿರ ನಿಂತವರನ್ನು ಕೇಳಿದ. ನಿಮ್ಮ ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟಿದೀರಿ? ಯಾವ ಸಂತೆಗೆ ಹೋಗ್ತೀರಿ? ಕೆಲವರು ಇವನಿಗೇ ಹೆಣ್ಣು ಬೇಕೇನೋ ಅಂದುಕೊಂಡು ಜಾತಿ ಗೋತ್ರ ವಿಚಾರಿಸಿದರು. ಮಜ್ಜಿಗೆ ಕೊಡದೆ ಕಳಿಸಿದವರು ಯಾರೂ ಇಲ್ಲ.

ಬಿಸಿಲಿಗೆ ಮೈ ಕಪ್ಪಾಯಿತು. ಇಷ್ಟು ಸಂತೋಷವಾಗಿ ತಾನು ಹಿಂದೆ ಯಾವಾಗ ಇದ್ದೆ ಎಂಬುದು ಅವನಿಗೆ ನೆನಪಾಗಲಿಲ್ಲ.

ತರಗತಿಗಳು ಮತ್ತೆ ಶುರುವಾದಾಗ ಅವನು ಮೇಡಂ ಎದುರು ನಿಂತ.

"ಮೇಡಂ, ನನ್ನ ಗೆರೆ ನೆಟ್ಟಗಿತ್ತು. ಆದರೆ ಅದು ಏನು ಹೇಳ್ತಿದೆ ಅನ್ನೋದು ನನಗೆ ಗೊತ್ತಿರಲಿಲ್ಲ."

"ಹೇಳು."

"ಉಳಿದ ಊರುಗಳಲ್ಲೂ ಎಲ್ಲರಿಗೂ ಹೆಣ್ಣುಮಕ್ಕಳಿದಾರೆ. ಅವರನ್ನು ಅದೇ ರಸ್ತೆಯ ಊರುಗಳಿಗೇ ಕೊಟ್ಟಿದಾರೆ. ಹಾಗಾಗಿ ಹತ್ತಿರದ ಸಂತೆಯೂ ಮಗಳು ಬರೋ ಸಂತೆಯೂ ಒಂದೇ. ಅವರು ಹತ್ತಿರ ಅಂತ ಹೋಗ್ತಾರೋ, ಮಗಳು ಬರ್ತಾಳೆ ಅಂತ ಹೋಗ್ತಾರೋ, ಯಾವ ಲೆಕ್ಕಕ್ಕೂ ಸಿಗಲ್ಲ. ಎರಡೂ ಒಂದೇ ದಾರಿಯಲ್ಲಿ ನಡೀತವೆ."

"ಹೂಂ."

"ಎರಡನ್ನೂ ಬಿಡಿಸಿ ತೋರಿಸೋದು ಕಡವಿನಹಾಳು ಒಂದೇ. ಅಲ್ಲಿ ಹತ್ತಿರದ ಸಂತೆ ಈ ಕಡೆ, ಮಗಳು ಆ ಕಡೆ. ನಾನು ಅಳಿಸಿದ್ದು ಅದೊಂದನ್ನೇ."

ಮೇಡಂ ಮೇಜಿನ ಮೇಲಿದ್ದ ತಮ್ಮ ಪಾಲಿನ ಚಹಾವನ್ನು ಅವನ ಕಡೆ ಸರಿಸಿದರು.

ಅವನು ಪ್ರಬಂಧವನ್ನು ಮತ್ತೆ ಬರೆದ. ಆ ಚುಕ್ಕಿಯನ್ನು ಇದ್ದಲ್ಲೇ ಇಟ್ಟ. ಗೆರೆ ವಾಲಿ ಉಳಿದ ಚುಕ್ಕಿಗಳಿಂದ ದೂರ ಸರಿಯಿತು, ಸಡಿಲವಾಯಿತು.

ಜಬೀವುಲ್ಲಾ ಓದಿ ನೋಡಿ ತಲೆ ಕೆರೆದುಕೊಂಡ. "ಮೌಖಿಕ ಪರೀಕ್ಷೆಗೆ ಪೇಟೆಯಿಂದ ದೊಡ್ಡ ಪ್ರಾಧ್ಯಾಪಕರು ಬರ್ತಿದಾರೆ ಕಣೋ. ನಮ್ಮಲ್ಲಿ ಒಬ್ಬರನ್ನು ತಮ್ಮ ಸಂಶೋಧನೆಗೆ ಆರಿಸಿಕೊಳ್ತಾರಂತೆ. ನಿನ್ನ ಹಳೇ ಗೆರೆ ನೋಡಿದ್ರೆ ನಿನ್ನನ್ನೇ ಕರ್ಕೊಂಡು ಹೋಗ್ತಿದ್ರು."

"ಇರಬಹುದು."

"ಹಳೇದನ್ನೇ ಕೊಟ್ಟರೆ ಯಾರಿಗೆ ಗೊತ್ತಾಗುತ್ತೆ?"

ಇಂದುಧರ ಆ ರಾತ್ರಿ ನಿದ್ದೆ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾಡಿದ. ಆದರೆ ಬೆಳಿಗ್ಗೆ ಎದ್ದಾಗ ಹಳೆಯ ಪ್ರತಿಯನ್ನು ಒಮ್ಮೆ ಕೈಗೆ ತಗೊಂಡು, ತಿರುವಿ ನೋಡಿ, ಮತ್ತೆ ಪೆಟ್ಟಿಗೆಯಲ್ಲಿಟ್ಟ. ಹೊಸದನ್ನು ಹಿಡಿದು ಹೋದ.

ಪೇಟೆಯ ಪ್ರಾಧ್ಯಾಪಕರು ಪುಟ ತಿರುವುತ್ತ ಹುಬ್ಬು ಗಂಟಿಕ್ಕಿದರು.

"ಗೆರೆ ಇಷ್ಟು ಸಡಿಲ ಯಾಕೆ?"

ಇಂದುಧರ ಹುಣಸೆಮರದಿಂದ ಶುರುಮಾಡಿ ಎಲ್ಲ ವಿವರಿಸಿದ.

"ಒಂದು ಊರಿನಿಂದ ಏನೂ ಸಾಬೀತಾಗಲ್ಲಪ್ಪ."

"ಹೌದು ಸರ್, ಆಗಲ್ಲ. ನನ್ನ ಮೊದಲಿನ ಗೆರೆಯಿಂದಲೂ ಆಗ್ತಿರಲಿಲ್ಲ ಅನ್ನೋದು ಮಾತ್ರ ಗೊತ್ತಾಗುತ್ತೆ."

ಪ್ರಾಧ್ಯಾಪಕರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಆಮೇಲೆ ಸಣ್ಣಗೆ ನಕ್ಕರು. ಒಳ್ಳೆಯ ಅಂಕಗಳನ್ನೇ ಕೊಟ್ಟರು. ಆದರೆ ಆರಿಸಿಕೊಂಡದ್ದು ಜಬೀವುಲ್ಲಾನನ್ನು.

ಸುದ್ದಿ ತಿಳಿದಾಗ ಇಂದುಧರ ದುಃಖ ಬರಲೆಂದು ಸ್ವಲ್ಪ ಹೊತ್ತು ಕಾದ. ಅದು ಬರಲಿಲ್ಲ. ಗೆಳೆಯನನ್ನು ತಬ್ಬಿಕೊಂಡು ಶುಭ ಹಾರೈಸಿ, ಹೊಳೆಯ ದಂಡೆ ಹಿಡಿದು ಮೇಡಂ ಮನೆಗೆ ನಡೆದ. ಸಂಜೆಯ ನೀರು ತಣ್ಣಗೆ ಹರಿಯುತ್ತಿತ್ತು.

ಮೇಡಂ ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಇಂದುಧರ ಎದುರು ಕೂತು ತಾನೂ ಒಂದು ಹಿಡಿ ತಗೊಂಡ.

"ಬೇಜಾರಾಯ್ತಾ?" ಮೇಡಂ ಕೇಳಿದರು.

"ಇಲ್ಲ ಮೇಡಂ. ಇನ್ನೊಂದಷ್ಟು ವರ್ಷ ಇಲ್ಲೇ ನಿಮ್ಮ ಹತ್ತಿರ ಸಂಶೋಧನೆ ಮಾಡೋಣ ಅಂತಿದೀನಿ. ನೀವು ಒಪ್ಪಿದರೆ."

"ಏನು ಉಳಿದಿದೆ ಮಾಡೋಕೆ?"

"ಹೊಳೆಯ ಎರಡೂ ದಂಡೆಯ ಊರುಗಳಿಗೆ ಹೋಗ್ತೀನಿ. ಕಡವಿನಹಾಳಿನಂಥವು ಇನ್ನೂ ಇರ್ತವೆ, ಹುಡುಕ್ತೀನಿ. ದೂರದ ಜೊತೆಗೆ ಹೆಣ್ಣುಮಕ್ಕಳನ್ನೂ ಸಮೀಕರಣಕ್ಕೆ ಸೇರಿಸ್ತೀನಿ. ಆಗ ಜನ ಸಂತೆಗೆ ಯಾಕೆ ಹೋಗ್ತಾರೆ ಅನ್ನೋದು ಪೂರ್ತಿ ತಿಳಿಯುತ್ತೆ ಮೇಡಂ. ಹೊರಗೆ ಒಂದು ಚುಕ್ಕಿಯೂ ಉಳಿಯಲ್ಲ."

ಮೇಡಂ ಒಂದು ಕಾಯಿ ಬಿಡಿಸಿ, ಕಾಳನ್ನು ಬಟ್ಟಲಿಗೆ ಹಾಕಿದರು. ಹೊಳೆಯ ಕಡೆ ನೋಡುತ್ತ ಕೇಳಿದರು.

"ಹೆಣ್ಣುಮಕ್ಕಳಿಲ್ಲದ ತಾಯಿ ಯಾವ ಸಂತೆಗೆ ಹೋಗ್ತಾಳೆ, ಇಂದುಧರ?"