ಮಠದ ಅಂಗಳ, ಮಗ್ಗದ ಕುಣಿ

ಊರೊಳಗಿನ ದಿಬ್ಬದ ಮೇಲೆ ಒಂದು ಮಠ, ಅದರ ಪಕ್ಕದಲ್ಲಿ ಒಂದು ಕಲ್ಯಾಣ ಮಂಟಪ. ದಿಬ್ಬದ ಕೆಳಗೆ ನೇಕಾರರ ಓಣಿ.

ಮಠದ ಶಿಷ್ಯ ನಿರಂಜನನಿಗೆ ಕೆಸರೆಂದರೆ ಆಗದು. ಮಳೆಗಾಲಕ್ಕೆ ಮುಂಚೆಯೇ ಅಂಗಳದ ತುಂಬ ಕಲ್ಲು ಹಾಸಿಸಿ, ಸಂದುಗಳಿಗೆ ಸಿಮೆಂಟು ತುಂಬಿಸಿದ. ಬೇವಿನ ಮರದ ಬುಡವೊಂದನ್ನು ಮಾತ್ರ ಮಣ್ಣಾಗಿಯೇ ಬಿಟ್ಟ.

ಮೊದಲ ಮಳೆ ಬಂತು. ನೀರು ಸರ್ರನೆ ಹರಿದುಹೋಯಿತು.

"ನೋಡ್ರಿ ಅಜ್ಜಾರ, ಒಂದು ಹನಿನೂ ನಿಂತಿಲ್ಲ," ಅಂದ ಶಿಷ್ಯ.

"ಎಲ್ಲಿಗೆ ಹೋತು?" ಅಂದರು ಗುರುಗಳು.

"ಹೊರಗ್ರಿ."

ಹೊರಗೆ ಅಂದರೆ ಎಲ್ಲಿ ಎಂಬುದು ಮರುದಿನ ಬೆಳಿಗ್ಗೆ ತಿಳಿಯಿತು. ಓಣಿಯಿಂದ ಶಾವಂತ್ರವ್ವ ಬಂದಳು. ಅವಳದು ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ.

"ಅಜ್ಜಾರ, ಕುಣ್ಯಾಗ ಮೊಳಕಾಲಮಟ ನೀರು ನಿಂತೈತ್ರಿ. ಅರ್ಧ ನೇಯ್ದ ಸೀರಿ ಹಾಳಾತು. ಇನ್ನೊಂದು ಮಳಿಗೆ ಹಿಂಗ ಆತಂದ್ರ ಮಗ್ಗ ಬಿಚ್ಚಿ ಮಾರತೀನ್ರಿ."

ಶಿಷ್ಯನ ಮುಖ ಸಣ್ಣದಾಯಿತು.

"ಗಟಾರ ದೊಡ್ಡದು ಮಾಡಸ್ತೀನ್ರಿ. ನೀರು ಸೀದಾ ಹೊಳಿಗೆ ಹೋಗತೈತಿ," ಅಂದ.

"ಹೊಳಿ ಮುಟ್ಟೂದ್ರಾಗ ಎಷ್ಟು ಮನಿ ಅದಾವ?" ಅಂದರು ಗುರುಗಳು.

ಶಿಷ್ಯ ದಿಬ್ಬದ ಕೆಳಗಿನ ಮನೆಗಳನ್ನು ಎಣಿಸತೊಡಗಿದ.

"ಮೊದ್ಲ ಆ ಕುಣಿ ಬರಿದು ಮಾಡು. ನಮ್ಮ ನೀರು ನಮಗ ತಂದು ಹಾಕು," ಅಂದರು ಗುರುಗಳು.

ನಿರಂಜನ ಕೊಡ ತುಂಬಿ, ಹೆಗಲ ಮೇಲಿಟ್ಟು, ದಿಬ್ಬ ಹತ್ತಿ ಅಂಗಳಕ್ಕೆ ಸುರಿದ. ಅವನು ಕೆಳಗಿಳಿಯುವಷ್ಟರಲ್ಲಿ ಅದೇ ನೀರು ಅವನಿಗಿಂತ ಮುಂಚೆ ಶಾವಂತ್ರವ್ವನ ಹೊಸ್ತಿಲು ಮುಟ್ಟಿತ್ತು.

"ಸ್ವಾಮ್ಯಾರ, ಒಯ್ಯೂದೂ ನೀವ, ಕಳಸೂದೂ ನೀವ?" ಅಂದಳು ಅವಳು.

ಹತ್ತು ಹನ್ನೆರಡು ಕೊಡ ಹೊತ್ತ ಮೇಲೆ ಕಾಲು ಸೋತವು. ಮುಂದಿನ ಕೊಡವನ್ನು ಬೇವಿನ ಬುಡಕ್ಕೆ ಸುರಿದು ಅಲ್ಲೇ ಕುಕ್ಕರಿಸಿದ. ನೀರು ಎಲ್ಲಿಗೂ ಹರಿಯಲಿಲ್ಲ. ಮಣ್ಣು ಅದನ್ನು ಕುಡಿದುಬಿಟ್ಟಿತು.

ಅವನಿಗೆ ನಾಚಿಕೆಯಾಯಿತು. ಆಮೇಲೆ ನಗು ಬಂತು. ಉಳಿದ ಕೊಡಗಳೆಲ್ಲ ಬೇವಿಗೇ ಹೋದವು.

ಮರುದಿನ ಹಾರೆ ಹಿಡಿದ. ನಡೆಯಲು ಒಂದು ದಾರಿಯಷ್ಟು ಬಿಟ್ಟು ಉಳಿದ ಕಲ್ಲೆಲ್ಲ ಕಿತ್ತ. ಅಂಗಳದ ಇಳಿಜಾರಿನಲ್ಲಿ ಅಗಲವಾದ ತಗ್ಗು ತೋಡಿ, ತಳಕ್ಕೆ ಜಲ್ಲಿ ಹಾಕಿ, ಮೇಲೆ ಮಣ್ಣು ಹರಡಿ, ಲಾವಂಚ, ಗರಿಕೆ ಹುಲ್ಲು ನೆಟ್ಟ. ಕಾಲಿಗೆ ಕೆಸರಾಯಿತೆಂದು ಭಕ್ತರು ಗೊಣಗಿದರು. ಅವನು ಕಾಲಿಗೆ ನೀರು ಕೊಟ್ಟ.

ಇಪ್ಪತ್ತು ದಿನಕ್ಕೆ ದೊಡ್ಡ ಮಳೆ ಬಂತು. ತಗ್ಗು ತುಂಬಿ ನಿಂತಿತು, ನಿಧಾನವಾಗಿ ಇಂಗತೊಡಗಿತು. ಶಿಷ್ಯನಿಗೆ ಮನಸ್ಸು ತಡೆಯಲಿಲ್ಲ. ತೊಯ್ದುಕೊಂಡೇ ಓಣಿಗೆ ಓಡಿದ.

ಶಾವಂತ್ರವ್ವ ಮಗ್ಗದಲ್ಲಿ ಕೂತಿದ್ದಳು. ಲಾಳಿ ಓಡುತ್ತಿತ್ತು.

"ಕುಣ್ಯಾಗ ಪಾದ ತೊಯ್ಯುವಷ್ಟು ನೀರು ಬಂದಿತ್ರಿ. ಹಳಿ ಸೀರಿ ಅರಿವಿಲೆ ಒರಸಿ ಕುಂತೀನಿ. ಮಗ್ಗ ಮಾರೂದಿಲ್ಲ ಬಿಡ್ರಿ," ಅಂದಳು.

ಶಿಷ್ಯನ ಕಣ್ಣು ತುಂಬಿತು. ಮಠಕ್ಕೆ ಬಂದವನೇ ಗುರುಗಳ ಮುಂದೆ ನಿಂತ.

"ನಮ್ಮ ನೀರು ನಾವು ಹಿಡದೀವ್ರಿ ಅಜ್ಜಾರ. ಇನ್ನ ಓಣಿಗೆ ಬರಾಕತ್ತಿದ್ದು ಬಾಜೂಕಿನ ಕಲ್ಯಾಣ ಮಂಟಪದ ನೀರು. ಅವರೂ ಅಂಗಳ ಪೂರಾ ಕಲ್ಲು ಹಾಸ್ಯಾರ. ನಿಮ್ಮದು ತಪ್ಪು ಅಂತ ಹೇಳಿ ಬರ್ಲೇನ್ರಿ?"

ಗುರುಗಳು ಕಟ್ಟೆಯ ಮೇಲೆ ಸ್ವಲ್ಪ ಸರಿದು ಕೂತರು.

"ಹೇಳಾಕ ಹೋಗಬ್ಯಾಡ, ಕರಿಯಾಕ ಹೋಗು. ಮುಂದಿನ ಮಳಿಗೆ ಅವರೂ ಇಲ್ಲೇ ಕುಂತು ನೀರು ಇಂಗೂದು ನೋಡ್ಲಿ."